ಇನ್ನೊಬ್ಬರ ರಿಪೇರಿ ಓದ್ರಿ

ಸುಲೇಪೇಟ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯಿಂದ ಕಂಪ್ಯೂಟರ್ ಸೈನ್ಸ್ ಓದಲು ಹೋಗಿರುವ ಎಲ್ಲ ತಮ್ಮ-ತಂಗಿಯರಿಗೆ,



ನಿಮ್ಮಲ್ಲಿ ಕೆಲವರು ಲಿನಕ್ಸ್ ಕರ್ನೆಲ್‌ಗೆ ಪ್ಯಾಚು ಕಳಿಸಲು ಶುರು ಮಾಡಿದ್ದೀರಿ. ರೆಸ್ಯೂಮೆಯಲ್ಲಿ 'ಕರ್ನೆಲ್ ಕಾಂಟ್ರಿಬ್ಯೂಟರ್' ಎಂದು ಹಾಕಿಕೊಂಡಿದ್ದನ್ನು ನೋಡಿ ಖುಷಿಯಾಯಿತು. ಆ ಪ್ಯಾಚುಗಳನ್ನೂ ತೆರೆದು ನೋಡಿದೆ. ಕಾಮೆಂಟಿನಲ್ಲಿದ್ದ ಸ್ಪೆಲಿಂಗ್ ತಿದ್ದಿದ್ದೀರಿ, ಸಾಲಿನ ಕೊನೆಯ ಖಾಲಿ ಜಾಗ ಅಳಿಸಿದ್ದೀರಿ, ಉದ್ದವಾಗಿದ್ದ ಸಾಲನ್ನು ಎರಡು ಮಾಡಿದ್ದೀರಿ. ಅದರಲ್ಲಿ ತಪ್ಪೇನೂ ಇಲ್ಲ, ಬಹಳ ಜನ ಒಳಗೆ ಬಂದದ್ದೇ ಆ ಬಾಗಿಲಿನಿಂದ. ಆದರೆ ಹೊಸ್ತಿಲ ಮೇಲೇ ಎಷ್ಟು ದಿನ ಕೂಡುತ್ತೀರಿ?

ನನ್ನ ಕೋರಿಕೆ ಇಷ್ಟೇ. ಸ್ವಲ್ಪ ದಿನ ನಿಮ್ಮ ಪ್ಯಾಚು ಪಕ್ಕಕ್ಕಿಡಿ. ಇನ್ನೊಬ್ಬರು ಬರೆದ ಬಗ್ ಫಿಕ್ಸ್ ಒಂದನ್ನು ಎತ್ತಿಕೊಂಡು ಕೂತು ಓದಿ. ಅದು ನಿಜವಾಗಿಯೂ ಬಗ್ಗನ್ನು ಮುಚ್ಚುತ್ತದೆಯೇ, ಮುಚ್ಚುವ ಭರದಲ್ಲಿ ಬೇರೆ ಎಲ್ಲಾದರೂ ತೂತು ಮಾಡುತ್ತದೆಯೇ ನೋಡಿ. ಕಂಡದ್ದನ್ನು ಹೆಸರು ಹಾಕಿ ಹೇಳಿ. ರಿವ್ಯೂ ಎನ್ನುವುದು ಇದನ್ನೇ.

ಈ ಮಾತು ತೆಗೆದಾಗಲೆಲ್ಲ ನಿಮ್ಮಿಂದ ಬರುವ ಉತ್ತರ ಒಂದೇ. "ಅಣ್ಣಾ, ಅವರು ದೊಡ್ಡ ದೊಡ್ಡ ಮಂದಿ. ಇಪ್ಪತ್ತು ವರ್ಷದಿಂದ ಅದೇ ಕೆಲಸ ಮಾಡ್ಯಾರ. ಅವರ ಕೋಡಿನಾಗ ನಾವೇನ್ ತಪ್ಪ ಹುಡಕೋದ್ರಿ?" ಈ ಪತ್ರ ಬರೆಯುತ್ತಿರುವುದೇ ಆ ಪ್ರಶ್ನೆಗೆ.

ಮೊದಲು ಅಲ್ಲಿಯ ಪರಿಸ್ಥಿತಿ ತಿಳಿದುಕೊಳ್ಳಿ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಒಬ್ಬನೇ ಶುರು ಮಾಡಿದ ಕರ್ನೆಲ್ ಇವತ್ತು ಸುಮಾರು 4 ಕೋಟಿ ಸಾಲಿಗೆ ಬೆಳೆದಿದೆ. ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನೊಳಗೆ ಅದೇ ಇದೆ. ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರಿಂದ ಎಲ್ಲವೂ ಅದರ ಮೇಲೇ ಓಡುತ್ತಿವೆ. ಒಂಬತ್ತು-ಹತ್ತು ವಾರಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ, ಒಂದೊಂದಕ್ಕೂ 13-14 ಸಾವಿರ ಬದಲಾವಣೆಗಳು ಸೇರುತ್ತವೆ. ಬರೆಯುವವರಿಗೇನೂ ಬರವಿಲ್ಲ. ಓದುವವರು ಸಾಲುತ್ತಿಲ್ಲ. ಒಂದೊಂದು ಭಾಗಕ್ಕೂ ಒಬ್ಬಿಬ್ಬರು ಮೇಂಟೇನರ್‌ಗಳು, ಅವರ ಮುಂದೆ ಪ್ಯಾಚುಗಳ ರಾಶಿ. ಈಗ ಎಐ ಬರೆದುಕೊಟ್ಟ ಪ್ಯಾಚುಗಳೂ ಅದರ ಮೇಲೆ ಬಂದು ಬೀಳುತ್ತಿವೆ. ಅವುಗಳ ಇಂಗ್ಲಿಷ್ ನಿಮ್ಮ-ನನ್ನ ಇಂಗ್ಲಿಷಿಗಿಂತ ಚೆಂದ ಇರುತ್ತದೆ. ಒಳಗಿನ ಹುರುಳು ಎಷ್ಟು ಎಂಬುದನ್ನು ಮಾತ್ರ ಯಾರಾದರೂ ಕೂತು ನೋಡಲೇಬೇಕು.

ಇನ್ನು, ತಪ್ಪು ಎತ್ತಿ ತೋರಿಸುವುದು ನಮ್ಮ ಸಂಪ್ರದಾಯವಲ್ಲ ಎನ್ನುವವರಿಗೆ ಒಂದು ಮಾತು. ಸೇಡಂನಿಂದ ಕಲಬುರಗಿ ಬಸ್ಸು ಹತ್ತಿದರೆ ದಾರಿಯಲ್ಲೇ ಮಳಖೇಡ ಸಿಗುತ್ತದೆ. ಈಗ ಸಿಮೆಂಟಿನ ಧೂಳಿಗೆ ಹೆಸರಾದ ಆ ಊರು ಒಂದು ಕಾಲದಲ್ಲಿ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿದ್ದ ಶ್ರೀವಿಜಯ ಬರೆದ 'ಕವಿರಾಜಮಾರ್ಗ' ಕನ್ನಡದಲ್ಲಿ ನಮಗೆ ಉಳಿದಿರುವ ಅತ್ಯಂತ ಹಳೆಯ ಗ್ರಂಥ. ಅದರಲ್ಲಿ ಮೂರು ಪರಿಚ್ಛೇದಗಳಿವೆ. ಅಲಂಕಾರಗಳ ವಿಚಾರ ಎರಡನೆಯದರಲ್ಲಿ, ಮೂರನೆಯದರಲ್ಲಿ ಬರುತ್ತದೆ. ಮೊದಲನೆಯದರ ಹೆಸರು ದೋಷಾದೋಷಾನುವರ್ಣನನಿರ್ಣಯ. ಬರಹದಲ್ಲಿ ಯಾವುದು ದೋಷ, ಯಾವುದು ದೋಷವಲ್ಲ ಎಂಬ ತೀರ್ಮಾನ ಮೊದಲು, ಚೆಂದದ ಮಾತು ಆಮೇಲೆ. ಮಳಖೇಡದ ಕಾಗಿಣಾ ನದಿಯ ದಂಡೆಯ ಮೇಲೆ ಕನ್ನಡದಲ್ಲಿ ನಮಗೆ ಉಳಿದ ಮೊದಲ ಪುಸ್ತಕವೇ ಹಾಗೆ ಶುರುವಾಗಿರುವಾಗ, ಪ್ಯಾಚಿನಲ್ಲಿ ತಪ್ಪು ಕೇಳುವುದಕ್ಕೆ ನಿಮಗೆ ಯಾವ ಮುಜುಗರ?

ಆ ಹೆಸರಿನಲ್ಲಿರುವ 'ಅದೋಷ' ಕೂಡ ರಿವ್ಯೂ ಮಾಡುವವರಿಗೆ ಬಹಳ ಮುಖ್ಯ. ಎಷ್ಟೋ ಫಿಕ್ಸುಗಳು ಇಲ್ಲದ ಬಗ್ಗಿಗೆ ಬರೆದವು. ಕೋಡ್ ತಪಾಸಣೆ ಮಾಡುವ ಯಾವುದೋ ಸಾಫ್ಟ್‌ವೇರ್ 'ಇಲ್ಲಿ ಪಾಯಿಂಟರ್ ನಲ್ ಆಗಿರಬಹುದು' ಎನ್ನುತ್ತದೆ, ಹುಡುಗರು ಕೂಡಲೇ ಒಂದು ಇಫ್ ಹಾಕಿ ಕಳಿಸಿಬಿಡುತ್ತಾರೆ. ಅಲ್ಲಿಗೆ ಬರುವ ದಾರಿಗಳೆಲ್ಲ ಆ ಪರೀಕ್ಷೆಯನ್ನು ಮೊದಲೇ ಮುಗಿಸಿಕೊಂಡು ಬಂದಿರುತ್ತವೆ ಎಂಬುದನ್ನು ಯಾರೂ ನೋಡಿರುವುದಿಲ್ಲ. ಹೀಗಾಗಿ ಫಿಕ್ಸ್ ಕೈಗೆ ಬಂದಾಗ ಮೊದಲು ಕೇಳಬೇಕಾದದ್ದು, ರೋಗ ನಿಜವಾಗಿ ಇದೆಯೇ ಎಂದು. ಯಾರಿಗೆ, ಯಾವ ಮಷೀನಿನಲ್ಲಿ, ಏನು ಮಾಡಿದಾಗ ಕಾಣಿಸಿತು? ಪ್ಯಾಚಿನ ಜೊತೆಗಿರುವ ವಿವರಣೆಯಲ್ಲಿ ಇದಕ್ಕೆ ಉತ್ತರ ಇಲ್ಲದಿದ್ದರೆ ಕೋಡ್ ಓದುವ ಮೊದಲೇ ವಾಪಸ್ ಕೇಳಬಹುದು. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಮಾಡಿಕೊಳ್ಳಲಿ ಬಿಡಿ.

ಈಗ 'ದೊಡ್ಡ ಮಂದಿ' ವಿಷಯಕ್ಕೆ ಬರುತ್ತೇನೆ. ಒಂದೇ ಒಂದು ಬಗ್ಗಿನ ಕತೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಸಮಾಧಾನದಿಂದ ಓದಿ. 2016ರ ಅಕ್ಟೋಬರಿನಲ್ಲಿ ಬಯಲಿಗೆ ಬಂದ ಅದರ ಹೆಸರು ಡರ್ಟಿ ಕೌ. ಸಾಮಾನ್ಯ ಲಾಗಿನ್ ಇದ್ದ ಯಾರು ಬೇಕಾದರೂ, ಓದುವುದಕ್ಕೆ ಮಾತ್ರ ಅನುಮತಿಯಿದ್ದ ಫೈಲಿನೊಳಗೆ ಬರೆದು, ಇಡೀ ಮಷೀನನ್ನೇ ವಶ ಮಾಡಿಕೊಳ್ಳಬಹುದಾಗಿತ್ತು.

ತೊಂದರೆ ಇದ್ದದ್ದು ಕಾಪಿ-ಆನ್-ರೈಟ್ ಎನ್ನುವ ವ್ಯವಸ್ಥೆಯಲ್ಲಿ. ಅದನ್ನು ತಹಸೀಲ್ ಕಚೇರಿಗೆ ಒಯ್ದು ನೋಡೋಣ. ದಫ್ತರದಲ್ಲಿ ಮೂಲ ಪಹಣಿ ಇದೆ. ಬರೀ ಓದುವವರಿಗೆ ಮೂಲವನ್ನೇ ತೋರಿಸುತ್ತಾರೆ. ಅದರ ಮೇಲೆ ಏನಾದರೂ ಗೀಚಬೇಕು ಎಂದವರಿಗೆ ಗುಮಾಸ್ತರು ಜೆರಾಕ್ಸ್ ತೆಗೆದುಕೊಡುತ್ತಾರೆ, ಅದರ ಮೇಲೆ ಏನು ಬೇಕಾದರೂ ಬರೆದುಕೊಳ್ಳಿ, ಮೂಲಕ್ಕೆ ಧಕ್ಕೆಯಿಲ್ಲ. ನೀವು ಅರ್ಜಿಯಲ್ಲಿ 'ಬರೆಯಲು' ಎಂದು ಟಿಕ್ ಹಾಕಿ ಕೊಟ್ಟಿರಿ. ಗುಮಾಸ್ತರು ಜೆರಾಕ್ಸ್ ತೆಗೆದು ಮೇಜಿನ ಮೇಲಿಟ್ಟು, ಜೆರಾಕ್ಸ್ ಆಯಿತಲ್ಲ, ಇನ್ನು ಈ ಟಿಕ್ ಯಾಕೆ ಎಂದು ಅದನ್ನು ಅಳಿಸಿದರು. ಅಷ್ಟರಲ್ಲಿ ನಿಮ್ಮ ಜೊತೆಗಾರ ಹಿಂದಿನಿಂದ ಕೈಚಾಚಿ ಆ ಜೆರಾಕ್ಸನ್ನು ಬುಟ್ಟಿಗೆ ಎಸೆದ. ಗುಮಾಸ್ತರು ತಿರುಗಿ ನೋಡಿದರೆ ಮೇಜು ಖಾಲಿ. ಸರಿ, ಮತ್ತೆ ಅರ್ಜಿ ನೋಡಿದರು. ಟಿಕ್ ಇಲ್ಲ. ಓದುವುದಕ್ಕೆ ಬಂದವರು ಎಂದುಕೊಂಡು ಮೂಲ ಪಹಣಿಯನ್ನೇ ಕೈಗಿತ್ತರು. ನಿಮ್ಮ ಕೈಯಲ್ಲಿ ಪೆನ್ನು ಹಾಗೇ ಇದೆ!

ಕರ್ನೆಲ್ಲಿನಲ್ಲಿ ಆದದ್ದು ಅಕ್ಷರಶಃ ಇದೇ. ಆ ಟಿಕ್ಕಿನ ಹೆಸರು ಫಾಲ್-ರೈಟ್ ಫ್ಲ್ಯಾಗ್. ಬುಟ್ಟಿಗೆ ಎಸೆಯುವ ಜೊತೆಗಾರ ಎಂದರೆ ಅದೇ ಪ್ರೋಗ್ರಾಮಿನ ಇನ್ನೊಂದು ಥ್ರೆಡ್, ಎಂ-ಅಡ್ವೈಸ್ ಎಂಬ ಸಿಸ್ಟಂ ಕಾಲ್ ಮೂಲಕ 'ಈ ಪುಟ ನನಗೆ ಬೇಡ' ಎಂದು ಹೇಳುತ್ತಲೇ ಇರುತ್ತದೆ. ಎರಡೂ ಸರಿಯಾದ ಗಳಿಗೆಗೆ ಕೂಡಿಬರಬೇಕು. ಸಾವಿರ ಸಲ ತಪ್ಪಬಹುದು, ಕಂಪ್ಯೂಟರಿಗೇನು, ಲಕ್ಷ ಸಲ ಪ್ರಯತ್ನಿಸುತ್ತದೆ.

ಕತೆ ಇಲ್ಲಿಗೆ ಮುಗಿದಿದ್ದರೆ ಪತ್ರ ಬರೆಯುವ ಅಗತ್ಯವಿರಲಿಲ್ಲ. 2016ರಲ್ಲಿ ಇದನ್ನು ಸರಿಪಡಿಸಿದವರು ಸ್ವತಃ ಟೊರ್ವಾಲ್ಡ್ಸ್. ಆ ಪ್ಯಾಚಿನ ವಿವರಣೆಯಲ್ಲಿ ಅವರೇ ಬರೆದುಕೊಂಡಿದ್ದಾರೆ, ಇದು ಪುರಾತನ ಬಗ್ಗು, ಹನ್ನೊಂದು ವರ್ಷದ ಹಿಂದೆ ತಾನೇ ಒಮ್ಮೆ ಕೆಟ್ಟದಾಗಿ ಸರಿಪಡಿಸಲು ಹೋಗಿದ್ದೆ ಎಂದು. 2005ರ ಆಗಸ್ಟಿನಲ್ಲಿ ಹಾಕಿದ ಆ ಫಿಕ್ಸ್ ಐಬಿಎಂನ ಎಸ್390 ಎಂಬ ಮೇನ್‌ಫ್ರೇಮ್ ಮಷೀನುಗಳಲ್ಲಿ ತೊಂದರೆ ಕೊಟ್ಟದ್ದರಿಂದ ಕೆಲವೇ ದಿನಗಳಲ್ಲಿ ವಾಪಸಾಯಿತು. ಪುಟಕ್ಕೆ ಯಾರಾದರೂ ಬರೆದಿದ್ದಾರೆ ಎಂದು ತೋರಿಸುವ 'ಡರ್ಟಿ' ಗುರುತನ್ನು ಆ ಮಷೀನು ಬೇರೆ ಕಡೆ ಇಟ್ಟುಕೊಳ್ಳುತ್ತಿತ್ತು, ಫಿಕ್ಸಿನ ಲೆಕ್ಕಾಚಾರ ಅಲ್ಲಿ ತಾಳೆಯಾಗಲಿಲ್ಲ. ಆಗ ಇದನ್ನು ಬಾಯಿಮಾತಿನ ಅಪಾಯ ಎಂದು ಬಿಟ್ಟರು. ವರ್ಷಗಳು ಕಳೆದ ಹಾಗೆ ಮಷೀನುಗಳು ಚುರುಕಾದವು, ಮೆಮೊರಿಯ ಕೋಡೂ ಬದಲಾಯಿತು, ಬಾಯಿಮಾತಿನ ಅಪಾಯ ಕೈಗೆ ಸಿಗುವ ಅಪಾಯವಾಯಿತು. ಇದನ್ನು ಹಿಡಿದ ಫಿಲ್ ಓಸ್ಟರ್ ಪುಸ್ತಕ ಓದಿ ಹಿಡಿದದ್ದಲ್ಲ, ಒಂದು ಸರ್ವರಿನ ಮೇಲೆ ಆಗಲೇ ನಡೆದಿದ್ದ ದಾಳಿಯ ಜಾಡು ಹಿಡಿದು ಹೋಗಿ ಪತ್ತೆ ಮಾಡಿದ್ದು.

2016ರ ಫಿಕ್ಸ್ ಎಷ್ಟು ದೊಡ್ಡದು ಅಂದುಕೊಂಡಿರಿ? ಎರಡು ಫೈಲು, ಎಲ್ಲ ಸೇರಿ ಹದಿನೈದು ಸಾಲಿನ ಆಸುಪಾಸು. ಇನ್ನು ಮೇಲೆ ಗುಮಾಸ್ತರು ಟಿಕ್ ಅಳಿಸುವ ಹಾಗಿಲ್ಲ. ಅದರ ಪಕ್ಕದಲ್ಲೇ 'ಜೆರಾಕ್ಸ್ ತೆಗೆದಿದೆ' ಎಂದು ಇನ್ನೊಂದು ಗುರುತು ಹಾಕಬೇಕು, ಕಾಗದ ಕೈಗೆ ಕೊಡುವಾಗ ಅದರ ಮೇಲೆ ಡರ್ಟಿ ಮೊಹರು ಬಿದ್ದಿದೆಯೇ ನೋಡಬೇಕು. ಮೊಹರಿದ್ದರೆ ಅದು ಜೆರಾಕ್ಸೇ. ಪ್ಯಾಚಿನ ಕೆಳಗಿನ ಹೆಸರುಗಳನ್ನು ನೋಡಿ. ವರದಿ ಮಾಡಿ ಪರೀಕ್ಷಿಸಿದವರು ಓಸ್ಟರ್. ಒಪ್ಪಿಗೆ ಹಾಕಿದವರು ಹ್ಯೂ ಡಿಕಿನ್ಸ್. ರಿವ್ಯೂ ಮಾಡಿದವರು ಮಿಖಾಲ್ ಹೊಕೊ. ಮೆಮೊರಿ ಕೋಡಿನಲ್ಲಿ ಇವರಿಗಿಂತ ಬಲ್ಲವರನ್ನು ಹುಡುಕುವುದು ಕಷ್ಟ.

ಆದರೂ ಒಂದು ಉಳಿದುಹೋಯಿತು. ಸಾಮಾನ್ಯ ಪಿಸಿಯಲ್ಲಿ ಮೆಮೊರಿಯ ಪುಟ 4 ಕಿಲೋಬೈಟಿನದು. ಅದರ ಜೊತೆಗೇ 2 ಮೆಗಾಬೈಟಿನ ದೊಡ್ಡ ಪುಟಗಳೂ ಇರುತ್ತವೆ, ಅವುಗಳ ವ್ಯವಹಾರ ಬೇರೆ ಫೈಲಿನಲ್ಲಿದೆ. ಸಣ್ಣ ಪುಟಗಳ ಫೈಲಿನಲ್ಲಿ ತಿದ್ದಿದ ಪರೀಕ್ಷೆಯನ್ನು ದೊಡ್ಡ ಪುಟಗಳ ಫೈಲಿನಲ್ಲಿ ತಿದ್ದುವುದು ಮರೆತುಹೋಯಿತು. ಪರಿಣಾಮ, ಅಂಥ ಪುಟದ ಮೇಲೆ ಬರೆಯಲು ಹೋದರೆ ಕರ್ನೆಲ್ ಒಳಗೇ ಗಾಣದೆತ್ತಿನ ಹಾಗೆ ಸುತ್ತುತ್ತ ನಿಲ್ಲುತ್ತಿತ್ತು. ಅದನ್ನು ಕಂಡು 2017ರ ಜನವರಿಯಲ್ಲಿ ಪ್ಯಾಚು ಕಳಿಸಿದ ಕೆನೊ ಫಿಶರ್ ಜೂಲಿಯಾ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ಕಟ್ಟಿದವರ ಪೈಕಿ ಒಬ್ಬರು, ಮೆಮೊರಿ ವಿಭಾಗದ ಪಡಸಾಲೆಯಲ್ಲಿ ಕೂತವರಲ್ಲ. ತಮ್ಮ ಕೆಲಸ ಅಲ್ಲಿ ಸಿಕ್ಕಿಕೊಂಡಿತು, ಅದಕ್ಕೇ ನೋಡಿದರು, ಕಂಡಿತು.

ಇನ್ನೂ ಇದೆ. ಅದೇ ವರ್ಷದ ನವೆಂಬರಿನಲ್ಲಿ ದೊಡ್ಡ ಪುಟಗಳ ಕಡೆ ಇನ್ನೊಂದು ಬಿರುಕು ಬಯಲಾಯಿತು. ಆ ಫೈಲಿನ ಒಂದು ಫಂಕ್ಷನ್ ಪುಟವನ್ನು ಬರೀ ಮುಟ್ಟಿದರೂ ಸಾಕು, ಬರೆದಿರಲಿ ಬಿಡಲಿ, ಡರ್ಟಿ ಮೊಹರು ಒತ್ತಿಬಿಡುತ್ತಿತ್ತು. ಆ ಫಂಕ್ಷನ್ನಿನ ಪಾಲಿಗೆ ಅದು ದೋಷವೇ ಆಗಿರಲಿಲ್ಲ. ಮೊಹರನ್ನು ಜೆರಾಕ್ಸಿನ ಸಾಕ್ಷಿ ಎಂದು ಬೇರೆಯವರು ನಂಬಲು ಶುರು ಮಾಡಿದ ಮೇಲೆ ದೋಷವಾಯಿತು. 2022ರಲ್ಲಿ ಮತ್ತೆ ಅದೇ ಹಾಡು: ಹಂಚಿಕೊಂಡ ಮೆಮೊರಿಯ ಕೋಡಿನಲ್ಲಿ ಯಾರೋ ಬೇರೆ ಒಳ್ಳೆಯ ಕಾರಣಕ್ಕೆ ಎಲ್ಲ ಪುಟಕ್ಕೂ ಮೊಹರು ಒತ್ತುವ ಬದಲಾವಣೆ ಮಾಡಿದ್ದರು, ಅದು 5.16ನೇ ಆವೃತ್ತಿಯಲ್ಲಿ ಸೇರಿತ್ತು, ಡರ್ಟಿ ಕೌ ಅಲ್ಲಿ ಮತ್ತೆ ಎದ್ದು ಕೂತಿತು. ಕಂಡುಹಿಡಿದ ಡೇವಿಡ್ ಹಿಲ್ಡೆನ್‌ಬ್ರಾಂಡ್ ಈ ಸಲ ಮೊಹರು ನೋಡುವ ಪದ್ಧತಿಯನ್ನೇ ಕಿತ್ತುಹಾಕಿದರು. 2016ರಲ್ಲಿ ಸೇರಿಸಿದ 'ಜೆರಾಕ್ಸ್ ತೆಗೆದಿದೆ' ಗುರುತೂ ಹೋಯಿತು. ಈಗ ಕರ್ನೆಲ್ ನೇರವಾಗಿ ಕೇಳುತ್ತದೆ: ಈ ಪುಟ ಈ ಪ್ರೋಗ್ರಾಮಿಗೆ ಮಾತ್ರ ಸೇರಿದ ಖಾಸಗಿ ಪ್ರತಿಯೇ, ಹೌದೋ ಅಲ್ಲವೋ?

2005ರಿಂದ 2022. ಎಲ್ಲರೂ ಬಲ್ಲವರು, ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಬರೆದವರು. ಹಾಗಾದರೆ ಜಾರಿದ್ದೆಲ್ಲಿ? 2016ರ ಫಿಕ್ಸ್ ಒಂದು ನಂಬಿಕೆಯ ಮೇಲೆ ನಿಂತಿತ್ತು, ಡರ್ಟಿ ಮೊಹರು ಇದ್ದರೆ ಪ್ರತಿ ಆಗಿದೆ ಎಂದೇ ಅರ್ಥ ಎಂದು. ಆ ಹದಿನೈದು ಸಾಲಿನೊಳಗೆ ನಂಬಿಕೆ ನಿಜವೇ. ಆದರೆ ಆ ಮೊಹರನ್ನು ಒತ್ತುವ ಕೈಗಳೆಲ್ಲ ಬೇರೆ ಬೇರೆ ಫೈಲುಗಳಲ್ಲಿದ್ದವು, ಅವುಗಳಿಗೆ ಈ ನಂಬಿಕೆಯ ಸುದ್ದಿಯೇ ಇರಲಿಲ್ಲ. ಬಗ್ ಫಿಕ್ಸ್ ರಿವ್ಯೂ ಎಂದರೆ ನನ್ನ ಮಟ್ಟಿಗೆ ಮುಕ್ಕಾಲುಪಾಲು ಇದೇ. ಈ ಫಿಕ್ಸ್ ಯಾವ ಮಾತನ್ನು ನಿಜವೆಂದು ನಂಬಿದೆ? ಆ ಮಾತನ್ನು ಉಳಿಸಿಕೊಡಬೇಕಾದವರು ಯಾರು? ಅವರಿಗೆ ಗೊತ್ತಿದೆಯೇ? ಪ್ಯಾಚಿನಲ್ಲಿ ಕಾಣುವ ಸಾಲುಗಳನ್ನು ಎಲ್ಲರೂ ಓದುತ್ತಾರೆ. ಅದರಲ್ಲಿ ಕಾಣದ ಸಾಲುಗಳನ್ನು ಹುಡುಕಿಕೊಂಡು ಹೋಗುವವರು ಬೇಕು. ಒಂದು ಗುರುತಿನ ಹೆಸರು ಹಿಡಿದು ಇಡೀ ಸೋರ್ಸಿನಲ್ಲಿ ಗ್ರೆಪ್ ಹೊಡೆಯುವುದಕ್ಕೆ ಇಪ್ಪತ್ತು ವರ್ಷದ ಅನುಭವ ಬೇಕಿಲ್ಲ. ಒಂದು ಮಧ್ಯಾಹ್ನದ ತಾಳ್ಮೆ ಸಾಕು.

ಮೆಮೊರಿಯ ಕೋಡಿಗೇ ಕೈ ಹಾಕಬೇಕೆಂದೇನಿಲ್ಲ. ಡ್ರೈವರುಗಳ ಕಡೆ ದಿನವೂ ಬರುವ ಒಂದು ಮಾದರಿ ಪ್ಯಾಚು ತೋರಿಸುತ್ತೇನೆ. ಡ್ರೈವರ್ ಶುರುವಾಗುವಾಗ ನಡೆಯುವ ಪ್ರೋಬ್ ಫಂಕ್ಷನ್ನಿನಲ್ಲಿ ಮೆಮೊರಿ ಕೇಳಿ ಪಡೆದಿದ್ದಾರೆ. ನಾಲ್ಕು ಸಾಲು ಕೆಳಗೆ ಇಂಟರಪ್ಟ್ ನೋಂದಣಿ ವಿಫಲವಾದರೆ ಎರರ್ ಕೋಡ್ ಹಿಂದಿರುಗಿಸಿ ಹೊರಗೆ ಬರುತ್ತಾರೆ, ಪಡೆದ ಮೆಮೊರಿಯನ್ನು ವಾಪಸ್ ಕೊಟ್ಟಿಲ್ಲ. ಪ್ಯಾಚು ಆ ಜಾಗದಲ್ಲಿ ಒಂದು ಕೆ-ಫ್ರೀ ಸೇರಿಸುತ್ತದೆ. 'ಮೆಮೊರಿ ಸೋರಿಕೆ ತಡೆ' ಎಂದು ಶೀರ್ಷಿಕೆ. ಒಂದೇ ಸಾಲು. ನೋಡಿದರೆ ಯಾರಾದರೂ ಭೇಷ್ ಎನ್ನುತ್ತಾರೆ.

ಹತ್ತು ಸಾಲು ಮೇಲೆ ಹೋಗಿ. ಮೆಮೊರಿ ಪಡೆದದ್ದು ಕೆ-ಜಡ್‌-ಆಲಕ್ ಇಂದಲೋ, ಅದೇ ಹೆಸರಿನ ಮೊದಲಿಗೆ ಡೆವ್‌-ಎಂ ಸೇರಿದ ಫಂಕ್ಷನ್ನಿನಿಂದಲೋ? ಎರಡನೆಯದಾದರೆ ಆ ಮೆಮೊರಿಯ ಲೆಕ್ಕ ಡಿವೈಸಿನ ಖಾತೆಯಲ್ಲಿದೆ. ಪ್ರೋಬ್ ವಿಫಲವಾದ ಕೂಡಲೇ ಕರ್ನೆಲ್ ತಾನೇ ಅದನ್ನು ಬಿಡಿಸುತ್ತದೆ. ಅಂದರೆ ಸೋರಿಕೆಯೇ ಇರಲಿಲ್ಲ. ಹೊಸದಾಗಿ ಸೇರಿಸಿದ ಕೆ-ಫ್ರೀ ಒಮ್ಮೆ ಬಿಡಿಸುತ್ತದೆ, ಆಮೇಲೆ ಕರ್ನೆಲ್ ಅದೇ ಮೆಮೊರಿಯನ್ನು ಇನ್ನೊಮ್ಮೆ ಬಿಡಿಸುತ್ತದೆ. ಇಲ್ಲದ ಸೋರಿಕೆ ಮುಚ್ಚಲು ಹೋಗಿ ಡಬಲ್ ಫ್ರೀ ಎಂಬ ನಿಜವಾದ ಬಗ್ಗು ಬಂದು ಕೂತಿತು, ಅದನ್ನು ದಾಳಿಗೂ ಬಳಸಬಹುದು. ಇದನ್ನು ಕಾಣಬೇಕಾದರೆ ಪ್ಯಾಚು ತೋರಿಸುವ ಅಕ್ಕಪಕ್ಕದ ಮೂರು ಸಾಲಿಗೆ ನಿಲ್ಲದೆ ಪೂರ್ತಿ ಫೈಲು ತೆರೆಯಬೇಕು. ಅಷ್ಟೇ ಗುಟ್ಟು.

ಇಂಥ ಎರರ್ ದಾರಿಗಳೇ ಯಾಕೆ ಎನ್ನುತ್ತೀರಾ? ಆ ದಾರಿಯಲ್ಲಿ ಯಾರೂ ನಡೆದಿರುವುದಿಲ್ಲ, ಅದಕ್ಕೆ. ಮೆಮೊರಿ ಸಿಗದಂಥ ಸಂದರ್ಭ ದಿನಾ ಬರುವುದಿಲ್ಲವಲ್ಲ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಅರಿತೇ, ನೋಡಲು ಒಳ್ಳೆಯ ಫಿಕ್ಸಿನಂತಿದ್ದು ಒಳಗೆ ಬಗ್ಗು ತರುವ ಪ್ಯಾಚುಗಳನ್ನು ಸುಳ್ಳು ಹೆಸರಿನಲ್ಲಿ ಕಳಿಸಿ, ರಿವ್ಯೂ ಮಾಡುವವರು ಹಿಡಿಯುತ್ತಾರೋ ಇಲ್ಲವೋ ಎಂದು ಪರೀಕ್ಷೆಗೆ ಇಳಿದರು. 2021ರ ಏಪ್ರಿಲಿನಲ್ಲಿ ಕರ್ನೆಲ್ಲಿನ ಹಿರಿಯ ಮೇಂಟೇನರ್ ಗ್ರೆಗ್ ಕ್ರೋ-ಹಾರ್ಟ್‌ಮನ್ ಆ ವಿಶ್ವವಿದ್ಯಾಲಯದಿಂದ ಬರುವ ಪ್ಯಾಚುಗಳನ್ನೇ ನಿಲ್ಲಿಸಿದರು. ಹಿಂದೆ ಅಲ್ಲಿಂದ ಬಂದಿದ್ದ ಬದಲಾವಣೆಗಳನ್ನೆಲ್ಲ ಮತ್ತೆ ಒಂದೊಂದಾಗಿ ಓದಬೇಕಾಯಿತು. ಸಂಶೋಧನಾ ಲೇಖನ ವಾಪಸಾಯಿತು. ಮೊದಲೇ ಕೈತುಂಬ ಕೆಲಸವಿದ್ದ ಮಂದಿಯ ತಲೆಗೆ ಕಟ್ಟಿದ ಆ ಹೊರೆಯನ್ನು ಸಂಶೋಧನೆ ಎನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಓದಿದ್ದು ಆಯಿತು, ಪರೀಕ್ಷೆ ಹೇಗೆ? ಲ್ಯಾಬು ಬೇಕಿಲ್ಲ. ನಿಮ್ಮ ಹಳೇ ಲ್ಯಾಪ್‌ಟಾಪಿನಲ್ಲೇ ಕ್ಯೂಎಮು ಎಂಬ ಎಮ್ಯುಲೇಟರ್ ಹಾಕಿಕೊಂಡರೆ ಅದರೊಳಗೆ ಕರ್ನೆಲ್ ಎಷ್ಟು ಸಲ ಬಿದ್ದರೂ ಹೊರಗಿನ ಮಷೀನಿಗೆ ಏನೂ ಆಗುವುದಿಲ್ಲ. ಬೇಕಾದಷ್ಟೇ ಆಯ್ಕೆಗಳನ್ನಿಟ್ಟು ಸಣ್ಣದಾಗಿ ಕಂಪೈಲ್ ಮಾಡಿ, ಇಲ್ಲದಿದ್ದರೆ ಸಂಜೆ ಹಚ್ಚಿದ್ದು ಬೆಳಗಿನವರೆಗೂ ಮುಗಿಯುವುದಿಲ್ಲ, ನಡುವೆ ಕರೆಂಟ್ ಹೋದರೆ ದೇವರೇ ಗತಿ. ಕರ್ನೆಲ್ಲಿನ ಕೆಸಾನ್ ಎಂಬ ಮೆಮೊರಿ ತಪಾಸಣೆಯನ್ನು ಆನ್ ಮಾಡಿಕೊಳ್ಳಿ, ಬಿಡಿಸಿದ ಮೆಮೊರಿಯನ್ನು ಮತ್ತೆ ಮುಟ್ಟಿದ ಕೂಡಲೇ ಕೂಗುತ್ತದೆ. ಎರರ್ ದಾರಿಯಲ್ಲಿ ನಡೆಸುವುದಕ್ಕೆ ಬೇಕೆಂದೇ ಮೆಮೊರಿ ಇಲ್ಲ ಎನ್ನಿಸುವ ಫಾಲ್ಟ್ ಇಂಜೆಕ್ಷನ್ ಸೌಲಭ್ಯ ಕರ್ನೆಲ್ಲಿನಲ್ಲೇ ಇದೆ, ಬಳಸುವವರು ಕಡಿಮೆ. ಬಗ್ಗು ಯಾವ ಬದಲಾವಣೆಯಿಂದ ಬಂತು ಎಂದು ಪ್ಯಾಚಿನಲ್ಲಿ 'ಫಿಕ್ಸಸ್' ಸಾಲು ಬರೆದಿರುತ್ತಾರೆ, ಅದನ್ನೂ ನಂಬಬೇಡಿ. ಗಿಟ್ ಬೈಸೆಕ್ಟ್ ಹಚ್ಚಿದರೆ ಸಾವಿರ ಬದಲಾವಣೆಗಳ ನಡುವಿನಿಂದ ಹತ್ತು ಹೆಜ್ಜೆಯಲ್ಲಿ ಅದನ್ನು ಎತ್ತಿಕೊಡುತ್ತದೆ. ಆ ಸಾಲು ತಪ್ಪಾದರೆ ಫಿಕ್ಸ್ ಹಳೆಯ ಆವೃತ್ತಿಗಳಲ್ಲಿ ಹೋಗಬೇಕಾದ ಕಡೆ ಹೋಗುವುದಿಲ್ಲ, ಹೋಗಬಾರದ ಕಡೆ ಹೋಗಿ ಕೂಡುತ್ತದೆ.

ಇದೆಲ್ಲ ಮಾಡಿ ಸರಿ ಅನಿಸಿದರೆ ಎರಡು ಬಗೆಯಲ್ಲಿ ಹೆಸರು ಹಾಕಬಹುದು. 'ಟೆಸ್ಟೆಡ್-ಬೈ' ಎಂದರೆ ನನ್ನ ಮಷೀನಿನಲ್ಲಿ ಓಡಿಸಿ ನೋಡಿದ್ದೇನೆ ಎಂದಷ್ಟೇ. 'ರಿವ್ಯೂಡ್-ಬೈ' ಭಾರದ ಮಾತು. ತಾಂತ್ರಿಕವಾಗಿ ಓದಿದ್ದೇನೆ, ನನ್ನ ಆಕ್ಷೇಪಗಳನ್ನು ಬರೆದವರ ಮುಂದಿಟ್ಟು ಸಮಾಧಾನಕರ ಉತ್ತರ ಪಡೆದಿದ್ದೇನೆ, ನನಗೆ ತಿಳಿದ ಮಟ್ಟಿಗೆ ಇದನ್ನು ಸೇರಿಸಿದರೆ ತೊಂದರೆಯಿಲ್ಲ ಎಂದು ಅದರರ್ಥ, ಕರ್ನೆಲ್ಲಿನ ನಿಯಮಾವಳಿಯಲ್ಲೇ ಬರೆದಿಟ್ಟಿದ್ದಾರೆ. ಗ್ಯಾರಂಟಿ ಕೊಡಬೇಕಿಲ್ಲ ಎಂದೂ ಅಲ್ಲೇ ಇದೆ. ಒಂದೇ ಹಾಸ್ಟೆಲಿನ ಹುಡುಗರು ಒಬ್ಬರ ಪ್ಯಾಚಿಗೆ ಒಬ್ಬರು ರಿವ್ಯೂಡ್-ಬೈ ಹಾಕಿಕೊಳ್ಳುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಮೇಂಟೇನರ್‌ಗಳಿಗೆ ಅದು ಎರಡನೇ ಸಲಕ್ಕೇ ಗೊತ್ತಾಗುತ್ತದೆ. ಆಮೇಲೆ ನಮ್ಮ ಸೀಮೆಯಿಂದ ನಿಜವಾಗಿ ಓದಿ ಬರೆಯುವ ತಂಗಿಯೊಬ್ಬಳ ಮಾತಿಗೂ ಬೆಲೆ ಇರುವುದಿಲ್ಲ.

ಮಾತಿನ ರೀತಿಯ ಬಗ್ಗೆಯೂ ನಿಮಗೆ ಅಳುಕು ಇರುವುದು ನನಗೆ ಗೊತ್ತು. ಅಲ್ಲಿಯ ಬೈಗುಳದ ಕತೆಗಳನ್ನು ಕೇಳಿದ್ದೀರಿ. ಅವು ಸುಳ್ಳಲ್ಲ. ಟೊರ್ವಾಲ್ಡ್ಸ್ 2018ರ ಸೆಪ್ಟೆಂಬರಿನಲ್ಲಿ ತಮ್ಮ ಒರಟು ಮಾತಿಗೆ ಕ್ಷಮೆ ಕೇಳಿ ಕೆಲವು ವಾರ ಕೆಲಸದಿಂದ ದೂರ ಉಳಿದರು. ನಡತೆಯ ನಿಯಮಗಳು ಬಂದದ್ದೂ ಆಗಲೇ. ಈಗ ತಕ್ಕಮಟ್ಟಿಗೆ ಸುಧಾರಿಸಿದೆ, ಆದರೂ ಉತ್ತರಗಳು ಗಿಡ್ಡ ಇರುತ್ತವೆ. 'ಇಲ್ಲ, ಇದು ತಪ್ಪು' ಎಂದು ಮೂರು ಪದ ಬರೆದರೆ ನಿಮ್ಮ ಮೇಲೆ ಸಿಟ್ಟಾಗಿದ್ದಾರೆ ಎಂದಲ್ಲ, ಅವರಿಗೆ ಪುರುಸೊತ್ತಿಲ್ಲ ಎಂದು. ನೀವೂ ಸರ್, ಮೇಡಂ, ಕ್ಷಮಿಸಿ, ನಾನು ಹೊಸಬ ಎಂದು ನಾಲ್ಕು ಸಾಲು ಪೀಠಿಕೆ ಹಾಕುವುದು ಬೇಡ. "ಈ ಲಾಕ್ ಹಿಡಿಯದೆ ಇಲ್ಲಿಗೆ ಬರುವ ದಾರಿ ಒಂದಿದೆ ಎಂದು ಕಾಣುತ್ತದೆ, ಆಗ ಏನಾಗುತ್ತದೆ?" ಎಂದು ನೇರ ಕೇಳಿ. ನಮ್ಮ ಕಡೆ ಅಜ್ಜಂದಿರಿಗೂ 'ರಿ' ಹಚ್ಚಿ ಎಂಥ ಖಡಕ್ ಪ್ರಶ್ನೆ ಕೇಳುತ್ತೇವೆ, ಪಂಚಾಯ್ತಿ ಕಟ್ಟೆಯಲ್ಲಿ ನೋಡಿಲ್ಲವೇ? ನೀವು ತಪ್ಪು ತಿಳಿದಿದ್ದರೂ ಚಿಂತೆಯಿಲ್ಲ. ಎಷ್ಟೋ ಸಲ ಹೊಸಬರಿಗೆ ಬಿಡಿಸಿ ಹೇಳಲು ಹೋಗಿಯೇ ಬರೆದವರಿಗೆ ತಮ್ಮ ಕೋಡಿನ ಬಿರುಕು ಕಂಡಿರುತ್ತದೆ.

ದೂರದವರು ಎಂಬ ಅಂಜಿಕೆಯೂ ಬೇಡ. ಬೆಂಗಳೂರಿನಲ್ಲಿ 2001ರಲ್ಲೇ ಲಿನಕ್ಸ್ ಸಮ್ಮೇಳನ ಶುರುವಾಗಿತ್ತು, ಮುಂದೆ ಫಾಸ್ ಡಾಟ್ ಇನ್ ಎಂಬ ಹೆಸರಿನಲ್ಲಿ 2012ರವರೆಗೂ ನಡೆಯಿತು. ಬೆಂಗಳೂರಿನ ಐಬಿಎಂನಲ್ಲಿದ್ದ ಶ್ರೀವತ್ಸ ವಡ್ಡಗಿರಿ ಬರೆದ, ಪ್ರೊಸೆಸರಿನ ಸಮಯವನ್ನು ಗುಂಪು ಗುಂಪಿಗೆ ಹಂಚುವ ಕೋಡು 2.6.24ನೇ ಆವೃತ್ತಿಯಲ್ಲೇ ಕರ್ನೆಲ್ ಸೇರಿತು. ಬೆಂಗಳೂರಿನವರಿಗೆ ಆಫೀಸಿತ್ತು, ನಿಮಗೆ ಆಫೀಸಿಲ್ಲ, ಒಪ್ಪಿದೆ. ಆದರೆ ಪ್ಯಾಚು ಬರುವುದು ಸಾದಾ ಅಕ್ಷರದ ಇಮೇಲಿನಲ್ಲಿ. ಚಿಂಚೋಳಿ ಕಾಡಂಚಿನ ಹಳ್ಳಿಯಲ್ಲಿ ಒಂದು ಕಡ್ಡಿ ಸಿಗ್ನಲ್ ಇದ್ದರೂ ಅದು ಇಳಿದುಬರುತ್ತದೆ.

ಆಫೀಸಿನವರ ಬಳಿ ಇಲ್ಲದ್ದೂ ನಿಮ್ಮ ಬಳಿ ಇದೆ. ಡ್ರೈವರ್ ಮೇಂಟೇನರ್‌ಗಳ ದೊಡ್ಡ ಗೋಳೆಂದರೆ ಪ್ಯಾಚು ಬಂದಾಗ ಆ ಹಾರ್ಡ್‌ವೇರ್ ಅವರ ಮೇಜಿನ ಮೇಲೆ ಇರುವುದಿಲ್ಲ. ನಿಮ್ಮ ಅಗ್ಗದ ಲ್ಯಾಪ್‌ಟಾಪಿನ ವೈಫೈ ಕಾರ್ಡು, ಟಚ್‌ಪ್ಯಾಡು, ಸರಿಯಾಗಿ ನಿದ್ದೆಯಿಂದ ಏಳದ ಸ್ಕ್ರೀನು, ಇವುಗಳ ಫಿಕ್ಸ್ ಬಂದಾಗ ಓದಿ, ಓಡಿಸಿ ಹೇಳಬಲ್ಲವರು ನೀವೇ. ಬೇಸಿಗೆಯೂ ನಮ್ಮ ಪಾಲಿಗಿದೆ. ಪ್ರೊಸೆ­ಸರ್ ಕಾದಾಗ ವೇಗ ಇಳಿಸುವ ಥರ್ಮಲ್ ಕೋಡಿನ ಫಿಕ್ಸುಗಳನ್ನು ಎಸಿ ಕೋಣೆಯಲ್ಲಿ ಕೂತವರು ಹೀಟರ್ ಹಚ್ಚಿ, ಗಾಳಿ ಕಟ್ಟಿ ಪರೀಕ್ಷೆ ಮಾಡಬೇಕು. ಮೇ ತಿಂಗಳಲ್ಲಿ ಶಹಾಬಾದದ ಕಲ್ಲಿನ ಗಣಿಯ ಪಕ್ಕದ ಮನೆಯಲ್ಲಿ ಮಧ್ಯಾಹ್ನ ಎರಡಕ್ಕೆ ಒಂದು ಕಂಪೈಲ್ ಹಚ್ಚಿದರೆ ಪರೀಕ್ಷೆ ತಾನಾಗೇ ಆಗುತ್ತದೆ.

ಓದಲು ಶುರು ಮಾಡುವಾಗ ಮೇಲೆ ಹೇಳಿದ ಡರ್ಟಿ ಕೌ ಫಿಕ್ಸುಗಳನ್ನೇ ಎತ್ತಿಕೊಳ್ಳಿ, 2005ರದ್ದು, 2016ರದ್ದು, 2017ರ ಎರಡು, 2022ರದ್ದು. ಎಲ್ಲವೂ ಗಿಟ್ ಇತಿಹಾಸದಲ್ಲಿ ವಿವರಣೆ ಸಮೇತ ಇವೆ. ಪ್ರತಿಯೊಂದಕ್ಕೂ, ನಾನು ಅವತ್ತು ರಿವ್ಯೂ ಮಾಡಿದ್ದರೆ ಏನು ಕೇಳುತ್ತಿದ್ದೆ ಎಂದು ಒಂದು ಪುಟ ಬರೆಯಿರಿ. ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷಿಗೆ ಹಾಕುವುದು ಆಮೇಲಿನ ಮಾತು, ಅದಕ್ಕೆ ನಾನಿದ್ದೇನೆ. ಪಂಚಮಿ ಹಬ್ಬಕ್ಕೆ ಹೇಗೂ ಎಲ್ಲರೂ ಊರಿಗೆ ಬರುತ್ತೀರಿ. ಬರುವಾಗ ಆ ಪುಟಗಳನ್ನು ತನ್ನಿ, ಲ್ಯಾಪ್‌ಟಾಪೂ ಇರಲಿ. ಚಾರ್ಜ್ ಮಾಡಿಕೊಂಡೇ ಬನ್ನಿ, ಇಲ್ಲಿ ಕರೆಂಟಿನ ಭರವಸೆ ಕೊಡುವುದಿಲ್ಲ.

ನಿಮ್ಮ ಸೀಮೆಯವನೇ ಒಬ್ಬ,
ಸುಲೇಪೇಟ